ಯಲಹಂಕದಲ್ಲಿ ಗುಟ್ಟಾಗಿ ಸ್ಕೂಟರ್ ಕಲಿತದ್ದು

ಮೊನ್ನೆ ಮೆಜೆಸ್ಟಿಕ್ ಕಡೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಗದಗಿನಿಂದ ತಮ್ಮನ ಫೋನ್ ಬಂತು. "ಆಮ್ಯಾಲೆ ಮಾತಾಡ್ತೀನೋ, ಬೆಂಗಳೂರಿಗೆ ಹೊಂಟೀನಿ," ಅಂದೆ. "ಅಕ್ಕಾ, ಮತ್ತ ಈಗ ನೀ ಇರೂದರೆ ಎಲ್ಲಿ?" ಅಂತ ಕೇಳಿದ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಆಧಾರ್ ಕಾರ್ಡಿನಲ್ಲಿ ಬೆಂಗಳೂರು ಅಂತಲೇ ಇದೆ. ಮದುವೆ ಆಮಂತ್ರಣಗಳ ಮೇಲೂ ಹಾಗೇ ಬರೆದು ಕಳಿಸುತ್ತಾರೆ. ಆದರೆ ಯಲಹಂಕದ ಹಳೇ ಊರಿನಲ್ಲಿ ಇರುವವರ್ಯಾರೂ ತಾವು ಬೆಂಗಳೂರಲ್ಲಿದ್ದೇವೆ ಅಂತ ಹೇಳಿಕೊಳ್ಳುವುದಿಲ್ಲ. ಹೆಬ್ಬಾಳದ ಫ್ಲೈಓವರ್ ದಾಟಿದರೆ ಬೆಂಗಳೂರು, ಈಚೆಗಿದ್ದರೆ ಊರು. ಬೆಂಗಳೂರು ಹೆಬ್ಬಾಳ ದಾಟಿ, ನಮ್ಮನ್ನೂ ದಾಟಿ, ಏರ್‌ಪೋರ್ಟ್ ತನಕ ಹೋಗಿ ಎಷ್ಟೋ ವರ್ಷ ಆಯಿತು. ಅದಕ್ಕೆ ನಾವೇನು ಮಾಡಲಾಗುತ್ತದೆ? ಅದು ನಮ್ಮನ್ನು ಕೇಳಿ ಹೋಗಲಿಲ್ಲ. ನಾವೂ ಅದನ್ನು ಕೇಳಿ ಮಾತು ಬದಲಾಯಿಸಿಕೊಳ್ಳಲಿಲ್ಲ.

ಹಾಗಂತ ನಾನೇನು ಸಣ್ಣ ಊರನ್ನು ಹುಡುಕಿಕೊಂಡು ಇಲ್ಲಿಗೆ ಬಂದವಳಲ್ಲ. ಸಣ್ಣ ಊರಿನಿಂದ ತಪ್ಪಿಸಿಕೊಂಡು ಬಂದವಳು. ಗದಗಿನಲ್ಲಿ ಕಾಲೇಜು ಓದುವಾಗ ಒಂದು ದಿನ ಕ್ಲಾಸ್ ತಪ್ಪಿಸಿ ಗೆಳತಿಯ ಜೊತೆ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿ ತಿಂದಿದ್ದೆ. ಬಾಯಿ ಒರೆಸಿಕೊಂಡು, ಪುಸ್ತಕ ಎದೆಗವಚಿಕೊಂಡು, ದಿನಾ ಬರುವ ಹೊತ್ತಿಗೇ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಾ ತಲೆ ಎತ್ತದೆ, "ಖಾರ ಭಾಳ ಆಗಿದ್ದರ ಮಜ್ಜಿಗಿ ಕುಡಿ," ಅಂದಳು. ಭಜಿಗಿಂತ ಸುದ್ದಿ ಬಿಸಿ ಇತ್ತು. ಅದು ಮನೆ ತಲುಪಿದಾಗ ಮೂರನೇ ಭಜಿ ಇನ್ನೂ ನನ್ನ ಕೈಯಲ್ಲೇ ಇತ್ತಂತೆ.

ಅವತ್ತೇ ನಿಶ್ಚಯ ಮಾಡಿದೆ. ನಾನು ಇರುವ ಊರಿನಲ್ಲಿ ಯಾರಿಗೂ ನನ್ನ ಗುರುತಿರಬಾರದು. ಬೀದಿಯಲ್ಲಿ ಕುಣಿದರೂ ಜನ ಪಕ್ಕಕ್ಕೆ ಸರಿದು ಹೋಗುತ್ತಿರಬೇಕು. ಹುಬ್ಬಳ್ಳಿಯ ಶ್ರೀಪಾದ ಎಂಬುವರ ಪ್ರಸ್ತಾಪ ಬಂದಾಗ, ಅವರಿಗೆ ಯಶವಂತಪುರದಲ್ಲಿ ಕೆಲಸ ಅಂತ ಕೇಳಿಯೇ ಅರ್ಧ ಒಪ್ಪಿದ್ದೆ. ಮುಖ ನೋಡಿ ಒಪ್ಪಿದ್ದು ಉಳಿದ ಅರ್ಧ. ಇದನ್ನು ಅವರಿಗೆ ಇವತ್ತಿನ ತನಕ ಹೇಳಿಲ್ಲ.

ಯಲಹಂಕಕ್ಕೆ ಬಂದದ್ದು ಬಾಡಿಗೆ ಕಡಿಮೆ ಅಂತ, ಅವರು ರೈಲಿನಲ್ಲಿ ಕೆಲಸಕ್ಕೆ ಹೋಗಬಹುದು ಅಂತ. ಇಲ್ಲೇ ಒಂದು ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಹೇಳಿಕೊಡುವ ಕೆಲಸವೂ ಸಿಕ್ಕಿತು. ಹಳೇ ಊರಿನ ಸಂದಿಯಲ್ಲಿ ಮಹಡಿ ಮನೆ. ಕೆಳಗೆ ಓನರ್ ನಂಜಮ್ಮ. ಅವರ ಕುಟುಂಬಕ್ಕೆ ಸುತ್ತಮುತ್ತ ದ್ರಾಕ್ಷಿ, ಸೀಬೆ ತೋಟಗಳಿದ್ದವಂತೆ. ಈಗ ಅವೆಲ್ಲ ಲೇಔಟ್ ಆಗಿವೆ. ಮಕ್ಕಳು ದೊಡ್ಡ ದೊಡ್ಡ ಮನೆ ಕಟ್ಟಿಕೊಂಡು ಬನ್ನಿ ಬನ್ನಿ ಅಂತಾರೆ. ನಂಜಮ್ಮ ಹೋಗುವುದಿಲ್ಲ. "ಆ ಮನೇಲಿ ಬೀದಿನೇ ಕಾಣಾಕಿಲ್ಲ ಕಣವ್ವ. ಗ್ವಾಡೆ ನೋಡ್ಕಂಡು ಏನ್ ಮಾಡ್ಲಿ?" ಅಂತಾರೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿ ಮೇಲೆ ಕೂತರೆ, ಆ ಬೀದಿಯಲ್ಲಿ ಅವರ ಅಪ್ಪಣೆ ಇಲ್ಲದೆ ನಾಯಿಯೂ ತಿರುಗುವುದಿಲ್ಲ.

ಮೊದಲ ವಾರವೇ ನನ್ನ ಕನಸಿಗೆ ಪೆಟ್ಟು ಬಿತ್ತು. ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆ ತಗೊಂಡು ಮನೆಗೆ ಬಂದರೆ ನಂಜಮ್ಮ ಶುಂಠಿ ಕಷಾಯ ಹಿಡಿದು ನಿಂತಿದ್ದರು. ಗದಗಿನ ಸುದ್ದಿಗೆ ಎರಡು ಭಜಿ ತಿನ್ನುವಷ್ಟಾದರೂ ಹೊತ್ತು ಬೇಕಾಗಿತ್ತು.

ಹೀಗೇ ವರ್ಷಗಳು ಕಳೆದವು. ಮಗಳು ದೊಡ್ಡವಳಾಗಿ ಮೈಸೂರಿಗೆ ಓದಲು ಹೋದಳು. ಅಷ್ಟರಲ್ಲಿ ನಮ್ಮ ಕಾಲೇಜಿಗೆ ಹೊಸ ಕಟ್ಟಡ ಆಯಿತು. ಕೋಗಿಲು ದಾಟಿ, ಒಳಗೆ, ಇನ್ನೂ ಒಳಗೆ. ಬಸ್ಸು ಹೋಗುವುದಿಲ್ಲ. ಆಟೋದವರು, "ವಾಪಸ್ ಖಾಲಿ ಬರ್ಬೇಕು ಮೇಡಂ," ಅಂತ ತಲೆ ಆಡಿಸುತ್ತಾರೆ. ಜೂನ್‌ನಿಂದ ಎಲ್ಲರೂ ಅಲ್ಲಿಗೇ ಬರಬೇಕು, ಮೊದಲ ಪೀರಿಯಡ್ ಬೆಳಗ್ಗೆ ಏಳೂವರೆಗೆ ಅಂದರು.

ಅವತ್ತು ಊಟಕ್ಕೆ ಕೂತಾಗ ಶ್ರೀಪಾದರು ಸಮಾಧಾನವಾಗಿ, "ಗಿರಿಜಾ, ಇದು ಬಗಿಹರಿಯೂ ಮಾತಲ್ಲ. ನೀ ಈ ಕೆಲಸ ಬಿಡು. ಯಶವಂತಪುರದಾಗ ನಮ್ಮ ಆಫೀಸಿನ ಹಂತೇಕ ದೊಡ್ಡ ಅಪಾರ್ಟ್‌ಮೆಂಟ್ ಆಗ್ಯದ. ಅಲ್ಲಿಗೆ ಹೋಗೂಣು. ಆ ಕಡೆ ಕಾಲೇಜಿಗೇನು ಬರ," ಅಂದರು.

ನಮ್ಮ ಕಾಲೇಜಿನ ಲ್ಯಾಬು ನಾನು ಕೈಯಾರೆ ಕಟ್ಟಿದ್ದು. ಯಾವ ಲೋಲಕ ಎಡಕ್ಕೆ ವಾಲುತ್ತದೆ, ಯಾವ ತಕ್ಕಡಿ ಮಳೆಗಾಲದಲ್ಲಿ ಸುಳ್ಳು ಹೇಳುತ್ತದೆ ಅಂತ ನನಗೊಬ್ಬಳಿಗೇ ಗೊತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕಾಲೇಜಿನ ಬಾಗಿಲಲ್ಲಿ ಬಯೋಡೇಟಾ ಹಿಡಿದು ನಿಲ್ಲುವುದು ನನ್ನಿಂದ ಆಗದ ಮಾತು.

"ನಾ ಸ್ಕೂಟರ್ ಕಲೀತೀನಿ," ಅಂದೆ.

ಶ್ರೀಪಾದರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಸಾರು ಬಡಿಸಿಕೊಂಡು, "ಅಪಾರ್ಟ್‌ಮೆಂಟ್ ಒಮ್ಮೆ ನೋಡಿ ಬರೂಣು," ಅಂತ ಮಾತ್ರ ಹೇಳಿದರು. ಅದಕ್ಕೇ ನನಗೆ ಹಟ ಬಂತು. ಯಾರಿಗೂ ತಿಳಿಯದ ಹಾಗೆ ಕಲಿತು, ಒಂದು ದಿನ ಮನೆ ಮುಂದೆ ಬಂದು ಹಾರ್ನ್ ಹೊಡೆಯಬೇಕು ಅಂತ ತೀರ್ಮಾನಿಸಿದೆ.

ಗುಟ್ಟಿಗೆ ಸಹಾಯ ಮಾಡಲು ಒಪ್ಪಿದವಳು ಸುಮಿತ್ರಾ, ನಮ್ಮ ಕಾಲೇಜಿನ ಕನ್ನಡ ಉಪನ್ಯಾಸಕಿ. ಅವಳ ಮನೆ ನಮ್ಮ ಕಡೆಯದೇ ಸಿಂಗಾಪುರ ಅನ್ನುವ ಹಳ್ಳಿಯಲ್ಲಿ. ಯಲಹಂಕಕ್ಕೆ ಸಾಕಷ್ಟು ದೂರ. ಅಲ್ಲೊಂದು ಖಾಲಿ ಲೇಔಟ್ ಇತ್ತು. ರಸ್ತೆಗಳಿದ್ದವು, ಸೈಟಿನ ಕಲ್ಲುಗಳಿದ್ದವು, ಒಂದೇ ಒಂದು ಮನೆ ಇರಲಿಲ್ಲ. "ಇಲ್ಲಿ ನೀನು ಬಿದ್ದರೆ ನೋಡೋಕೆ ಭೂಮಿ ಆಕಾಶ ಬಿಟ್ರೆ ಯಾರೂ ಇಲ್ಲ," ಅಂದಳು ಸುಮಿತ್ರಾ. ಮನೆಯಲ್ಲಿ ವಾಕಿಂಗ್ ಅಂತ ಹೇಳಿ ಬೆಳಗ್ಗೆ ಬಸ್ಸು ಹತ್ತುತ್ತಿದ್ದೆ. ಸ್ಕೂಟರೂ ಅವಳದ್ದೇ.

ಭೌತಶಾಸ್ತ್ರದವಳಿಗೆ ಕನ್ನಡ ಮೇಡಂ ಸ್ಕೂಟರ್ ಕಲಿಸಿದರೆ ಏನಾಗಬಹುದು ಯೋಚಿಸಿ. "ಹ್ಯಾಂಡಲನ್ನ ಮಗುವಿನ ಕೈ ಹಿಡಿದ ಹಾಗೆ ಹಿಡಿ," ಅಂದಳು. ನನ್ನ ಮಗಳು ಚಿಕ್ಕವಳಿದ್ದಾಗ ಪೇಟೆಯಲ್ಲಿ ಕೈ ಬಿಡಿಸಿಕೊಂಡು ಓಡುತ್ತಿದ್ದಳು. ಅದು ನೆನಪಾಗಿ ಗಟ್ಟಿಯಾಗಿ ಹಿಡಿದು ಹಾಗೇ ತಿರುಚಿದೆ. ಸ್ಕೂಟರು ನನ್ನ ಮಗಳಿಗಿಂತ ಜೋರಾಗಿ ಓಡಿತು. ಹತ್ತಾರು ವರ್ಷ ಹುಡುಗರಿಗೆ ಗುರುತ್ವ ಕೇಂದ್ರದ ಪಾಠ ಮಾಡಿದವಳು ಆ ಕೇಂದ್ರವನ್ನು ಒಂದು ಸೈಟಿನ ಕಲ್ಲಿನ ಪಕ್ಕ, ಹುಲ್ಲಿನ ಮೇಲೆ ಪತ್ತೆ ಮಾಡಿದೆ.

ಸುಮಿತ್ರಾ ಓಡಿ ಬರುವ ಮೊದಲೇ ಒಂದು ಹಸು ಬಂತು. ಅದರ ಹಿಂದೆ ಇನ್ನೊಂದು. ಅವುಗಳ ಹಿಂದೆ ಬಿಳೀ ಪಂಚೆ ಉಟ್ಟು, ಬೆರಳಿಗೆ ದಪ್ಪ ಉಂಗುರ ಹಾಕಿಕೊಂಡ ಒಬ್ಬ ಯಜಮಾನರು. ಆ ಲೇಔಟಿನ ಜಮೀನು ಅವರದೇ ಆಗಿತ್ತಂತೆ. ಮಾರಿದ ಮೇಲೂ ಹಸುಗಳಿಗೆ ಹೇಳಿರಲಿಲ್ಲವಂತೆ. ಅವು ದಿನಾ ಅಲ್ಲಿಗೇ ಮೇಯಲು ಹೊರಡುತ್ತಿದ್ದವು.

"ಮೆತ್ತಗೆ ಏಳಿ, ಮೆತ್ತಗೆ," ಅಂತ ಕೈಕೊಟ್ಟು ಎಬ್ಬಿಸಿದರು. ಆಮೇಲೆ ನನ್ನ ಮುಖವನ್ನೇ ನೋಡಿ, "ನೀವು ನಮ್ ನಂಜಕ್ಕನ ಮನೆ ಮ್ಯಾಗಡೆ ಇರೋ ಮೇಡಮ್ಮಲ್ವಾ? ಮೊಮ್ಮಗನ ನಾಮಕರಣದಾಗೆ ಒಬ್ಬಟ್ಟು ಬಡಿಸ್ತಿದ್ರಲ್ಲ. ಓಳಿಗೆ ಓಳಿಗೆ ಅಂತಿದ್ರಿ. ನಾನು ಬೈರಪ್ಪ, ನಂಜಕ್ಕಂಗೆ ತಮ್ಮ ಆಗ್ಬೇಕು," ಅಂದರು.

"ದಯವಿಟ್ಟು ಯಾರಿಗೂ ಹೇಳಬೇಡಿ," ಅಂತ ಬೇಡಿಕೊಂಡೆ.

"ಛೆ, ನಾನ್ಯಾಕ್ ಏಳ್ಳಿ," ಅಂದರು ಬೈರಪ್ಪ, ಜೇಬಿನ ಫೋನಿಗೆ ಕೈ ಹಾಕುತ್ತಾ.

ನಾನು ಮನೆಗೆ ಬಂದಾಗ ನಂಜಮ್ಮ ಜಗಲಿ ಮೇಲೆ ಅರಿಶಿನ ಕಲಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಶ್ರೀಪಾದರು, ಆಫೀಸಿಗೆ ಹೊರಟವರು ಅಲ್ಲೇ ನಿಂತಿದ್ದರು. "ಯಾವ ಮಂಡಿ?" ಅಂದರು ನಂಜಮ್ಮ. ಬಲಗಾಲು ಮುಂದೆ ಚಾಚಿದೆ.

ಅಲ್ಲಿಂದ ಊರೇ ನನ್ನ ಡ್ರೈವಿಂಗ್ ಸ್ಕೂಲಾಯಿತು. ಎಳನೀರಿನವನು, "ಮೇಡಂ, ದೂರ ನೋಡಿ ಓಡಿಸ್ಬೇಕು. ಹತ್ರ ನೋಡಿದ್ರೆ ಬೀಳ್ತೀರ," ಅಂದ. ಹೂವಿನ ಗೌರಮ್ಮ, "ದೂರ ಗೀರ ಬ್ಯಾಡಿ. ಮುಂದಿನ ಗುಂಡಿ ನೋಡ್ಕೊಳಿ ಸಾಕು," ಅಂದಳು. ಮೆಡಿಕಲ್ ಶಾಪಿನವರು ಬ್ಯಾಂಡೇಜನ್ನು ಕೇಳುವ ಮೊದಲೇ ಕಟ್ಟಿ ಇಟ್ಟಿರುತ್ತಿದ್ದರು. ಒಬ್ಬರ ಸಲಹೆಯೂ ಉಪಯೋಗಕ್ಕೆ ಬರಲಿಲ್ಲ. ಗೌರಮ್ಮ ಸ್ಕೂಟರ್ ಮುಟ್ಟಿದವಳೇ ಅಲ್ಲ. ಎಳನೀರಿನವನು ತಳ್ಳುಗಾಡಿಯಲ್ಲೇ ಎರಡು ಸಲ ಮೋರಿಗೆ ಇಳಿದವನು. ಆದರೂ ನಿಂತು ಕೇಳಿಸಿಕೊಳ್ಳದೆ ಮುಂದೆ ಹೋಗುವ ಹಾಗಿರಲಿಲ್ಲ. ತರಕಾರಿಗೆ ಹೋದವಳು ಬರುವುದರಲ್ಲಿ ಸೊಪ್ಪು ಬಾಡುತ್ತಿತ್ತು.

ಈ ನಡುವೆ ಒಂದು ಭಾನುವಾರ ಶ್ರೀಪಾದರು ಅಪಾರ್ಟ್‌ಮೆಂಟ್ ತೋರಿಸಲು ಕರೆದುಕೊಂಡು ಹೋದರು. ಸುಳ್ಳು ಯಾಕೆ ಹೇಳಲಿ, ಮನೆ ಚೆನ್ನಾಗಿತ್ತು. ಹದಿನಾಲ್ಕನೇ ಮಹಡಿ. ಕಿಟಕಿಯಲ್ಲಿ ನಿಂತರೆ ಯಶವಂತಪುರಕ್ಕೆ ಬರುವ ರೈಲುಗಳು ಆಟದ ಸಾಮಾನಿನ ಹಾಗೆ ಕಾಣುತ್ತಿದ್ದವು. ಲಿಫ್ಟಿನಲ್ಲಿ ನಮ್ಮ ಜೊತೆ ನಾಲ್ಕೈದು ಜನ ಇದ್ದರು. ಯಾರೂ ಯಾರನ್ನೂ ನೋಡಲಿಲ್ಲ. ನನ್ನ ಮೊಣಕೈಗೆ ಬ್ಯಾಂಡೇಜ್ ಇತ್ತು. ಯಾರೂ ಕೇಳಲಿಲ್ಲ.

"ಇಲ್ಲಿ ಪ್ರೈವೆಸಿ ತುಂಬಾ ಚೆನ್ನಾಗಿದೆ ಮೇಡಂ," ಅಂದ ತೋರಿಸಲು ಬಂದ ಏಜೆಂಟ್. "ಎದುರು ಮನೇಲಿ ಯಾರಿದಾರೆ ಅಂತ ವರ್ಷಗಟ್ಟಲೆ ಗೊತ್ತಾಗಲ್ಲ."

"ಎದುರು ಮನೇಲಿ ಯಾರಿದಾರೆ?" ಅಂತ ಕೇಳಿದೆ.

"ಗೊತ್ತಿಲ್ಲ ಮೇಡಂ," ಅಂದ ಹೆಮ್ಮೆಯಿಂದ.

ನಾನು ಗದಗು ಬಿಟ್ಟು ಬಂದದ್ದೇ ಈ ಮನೆಗಾಗಿ ಅಲ್ಲವೇ ಅನ್ನಿಸಿತು. ಇಲ್ಲಿ ಮಿರ್ಚಿ ಭಜಿ ಏನು, ಇಡೀ ಬಂಡಿಯನ್ನೇ ತಿಂದು ಬಂದರೂ ಕೇಳುವವರಿಲ್ಲ. ಸದ್ದಿಲ್ಲದ ಆ ಹಾಲ್‌ನಲ್ಲಿ ಸ್ವಲ್ಪ ಹೊತ್ತು ನಿಂತೆ. ಹಿತವಾಗಿತ್ತು. ಮುಂದಿನ ಭಾನುವಾರದೊಳಗೆ ತಿಳಿಸಿ ಅಂದರು. "ನನ್ನ ಟೆಸ್ಟ್ ಆಗಲಿ. ಪಾಸಾದರೆ ಇಲ್ಲೇ, ಫೇಲಾದರೆ ಅಲ್ಲಿಗೆ," ಅಂತ ಶ್ರೀಪಾದರಿಗೆ ಹೇಳಿದೆ. ಅವರು ಒಪ್ಪಿದರು.

ಲೈಸೆನ್ಸ್ ಟೆಸ್ಟಿಗೆ ಸುಮಿತ್ರಾಳ ಜೊತೆ ಹೋದೆ. ಅಲ್ಲಿ ನೆಲದ ಮೇಲೆ ದೊಡ್ಡದಾಗಿ ಎಂಟು ಬರೆದಿರುತ್ತಾರೆ. ಕಾಲು ಕೆಳಗಿಡದೆ ಅದರ ಮೇಲೆ ಓಡಿಸಬೇಕು. ನನ್ನ ಮುಂದಿದ್ದ ಕಾಲೇಜು ಹುಡುಗಿ ಬೆಣ್ಣೆಯಲ್ಲಿ ಬರೆದ ಹಾಗೆ ಎಂಟು ಬರೆದು ಹೋದಳು. ನಾನು ಮೊದಲ ಸೊನ್ನೆ ಚೆನ್ನಾಗಿಯೇ ಹಾಕಿದೆ. ಎರಡನೆಯದಕ್ಕೆ ತಿರುಗುವ ಜಾಗದಲ್ಲಿ ದೂರ ನೋಡಬೇಕೋ ಹತ್ತಿರ ನೋಡಬೇಕೋ ತೋಚಲಿಲ್ಲ. ಎಳನೀರಿನವನೂ ಗೌರಮ್ಮನೂ ತಲೆಯೊಳಗೆ ಜಗಳಕ್ಕೆ ಬಿದ್ದರು. ನಾನು ಎರಡೂ ಕಾಲು ಕೆಳಗಿಟ್ಟೆ.

ಇನ್‌ಸ್ಪೆಕ್ಟರ್ ಒಳ್ಳೆಯವರು. "ಗಾಬರಿ ಆಗ್ಬೇಡಿ ಅಮ್ಮ. ಇನ್ನೊಂದು ವಾರ ಪ್ರಾಕ್ಟೀಸ್ ಮಾಡಿ ಬನ್ನಿ," ಅಂದರು. ಸ್ಕೂಟರಿನಲ್ಲಿ ಬಸ್ ಸ್ಟಾಪಿಗೆ ಬಿಡುವಾಗ ಸುಮಿತ್ರಾ ದಾರಿಯುದ್ದಕ್ಕೂ ಒಂದು ಉಪಮೆಯನ್ನೂ ಕೊಡಲಿಲ್ಲ. ಅದರಿಂದಲೇ ಅವಳಿಗೂ ಎಷ್ಟು ಬೇಜಾರಾಗಿದೆ ಅಂತ ಗೊತ್ತಾಯಿತು.

ಬಸ್ಸಿಳಿದು ಮನೆ ಕಡೆ ನಡೆದೆ. ಇನ್ನು ಒಬ್ಬೊಬ್ಬರಿಗೂ ನಿಂತು ಸೋತ ಕತೆ ಹೇಳಬೇಕು. ಎಳನೀರಿನವನ ಹತ್ತಿರ ಬಂದೆ. ಅವನು ಆಕಾಶ ನೋಡಿ, "ಸಾಯಂಕಾಲ ಮಳೆ ಬರೋ ಹಂಗಿದೆ ಮೇಡಂ," ಅಂದ. ಅಷ್ಟೇ. ಮೆಡಿಕಲ್ ಶಾಪಿನವರು ಕೈಯೆತ್ತಿ ನಮಸ್ಕಾರ ಮಾಡಿದರು. ಗೌರಮ್ಮ, "ಇವತ್ತು ಮಲ್ಲಿಗೆ ಚೆನ್ನಾಗಿದೆ ತಗೊಳಿ," ಅಂತ ಒಂದು ಮೊಳ ಕೊಟ್ಟಳು. ನಂಜಮ್ಮ ಜಗಲಿ ಮೇಲೆ ಅವರೆಕಾಳು ಬಿಡಿಸುತ್ತಾ, "ಬಂದ್ಯಾ," ಅಂದವರು ತಲೆಯನ್ನೇ ಎತ್ತಲಿಲ್ಲ.

ನನಗೆ ಆಶ್ಚರ್ಯ, ಸಂತೋಷ. ಇವರಿಗೆ ಯಾರಿಗೂ ಸುದ್ದಿ ಮುಟ್ಟಿಲ್ಲ. ಬದುಕಿನಲ್ಲಿ ಮೊದಲ ಸಲ ನನ್ನದು ಅಂತ ಒಂದು ಗುಟ್ಟು ಉಳಿದಿದೆ. ಸೋತದ್ದರ ದುಃಖದಲ್ಲೂ ಅದೊಂದು ಹೆಮ್ಮೆ. ಎರಡು ದಿನ ಆ ಹೆಮ್ಮೆಯಲ್ಲೇ ಓಡಾಡಿದೆ.

ಶನಿವಾರ ಸಂಜೆ ಶ್ರೀಪಾದರಿಗೆ ನಾನೇ ಹೇಳಿದೆ. "ಟೆಸ್ಟಿನಾಗ ಫೇಲಾದೆ. ಮಾತು ಮಾತೇ. ಕೆಳಗ ಹೋಗಿ ನಂಜಮ್ಮಗ ಮನಿ ಬಿಡ್ತೀವಿ ಅಂತ ಹೇಳಿ ಬರ್ರಿ." ಅವರು ಅಂಗಿ ಹಾಕಿಕೊಂಡು ಕೆಳಗೆ ಹೋದರು. ಬಹಳ ಹೊತ್ತಾದ ಮೇಲೆ ಮೇಲೆ ಬಂದರು. ಕೈಯಲ್ಲಿ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ಇತ್ತು.

"ಹೇಳಿದ್ರಿ?"

"ಇಲ್ಲ."

"ಯಾಕ?"

ಶ್ರೀಪಾದರು ಕುರ್ಚಿ ಮೇಲೆ ಕೂತರು. "ನಾ ಬಾಯಿ ತೆಗಿಯೂದ್ರಾಗ ಆಕಿನೇ ಹೇಳಿದ್ಲು. 'ಮುಂದಿನ ಟೆಸ್ಟ್ ಆಗಗಂಟ ಆ ಉಡುಗಿ ಮುಂದೆ ಯಾವ ಸುದ್ದೀನೂ ತೆಗೀಬ್ಯಾಡಪ್ಪ. ತಲೆ ಕೆಟ್ರೆ ಕಾಲು ನಿಲ್ಲಾಕಿಲ್ಲ,' ಅಂತ."

"ಮುಂದಿನ ಟೆಸ್ಟಾ? ಆಕಿಗೆ ಹ್ಯಾಂಗ ಗೊತ್ತು?"

ಶ್ರೀಪಾದರು ನನ್ನನ್ನು ಕನಿಕರದಿಂದ ನೋಡಿದರು. "ಗಿರಿಜಾ, ನೀ ಕಾಲು ಕೆಳಗಿಟ್ಟಾಗ ಆ ಮೈದಾನದಾಗ ಬೈರಪ್ಪನ ಅಳಿಯ ಇದ್ದ. ನೀ ಬಸ್ ಹತ್ತೂದ್ರಾಗ ಎಲ್ಲಾರಿಗೂ ಗೊತ್ತು. ಆ ಮುದುಕಿ ಬರಿಗಾಲಲ್ಲಿ ಬೀದಿ ತುಂಬ ಓಡಾಡಿ ಹೇಳಿಬಂದಾಳ. ಆ ಮೇಡಂ ಬಂದಾಗ ಒಬ್ಬರೂ ತುಟಿ ಪಿಟಕ್ ಅನ್ನಬಾರದು, ಮಳಿ ಬೆಳಿ ಮಾತಾಡ್ರಿ ಅಂತ. ನನಗೂ ಆಫೀಸಿಗೆ ಫೋನ್ ಬಂದಿತ್ತು."

ಕೆಮ್ಮಿದರೆ ಕಷಾಯ ತರುವ ಬೀದಿ. ಬ್ಯಾಗಿನಲ್ಲಿ ಏನಿದೆ ಅಂತ ಇಣುಕಿ ನೋಡುವ ಬೀದಿ. ಎರಡು ದಿನ ನಾಲಿಗೆ ಕಚ್ಚಿಕೊಂಡು ಕೂತಿತ್ತು. ಗೌರಮ್ಮನಿಗೆ ಅದೆಷ್ಟು ಕಷ್ಟವಾಗಿರಬೇಕು. ಎಳನೀರಿನವನು ಆಕಾಶ ನೋಡಿದ್ದು ಮಳೆಗಲ್ಲ. ನನ್ನ ಮುಖ ನೋಡಿದರೆ ಮಾತು ಜಾರೀತು ಅಂತ. ಯಾರಿಗೂ ಗೊತ್ತಾಗದ ಹಾಗೆ ಇರುವ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಎಲ್ಲಾ ಗೊತ್ತಿದ್ದೂ ಮಳೆಯ ಮಾತಾಡುವ ಬೀದಿಯನ್ನು ಯಾವ ಏಜೆಂಟ್ ತೋರಿಸುತ್ತಾನೆ?

"ಏನಂತಿ?" ಅಂದರು ಶ್ರೀಪಾದರು. ಅವರು ಆಗಲೇ ಡಬ್ಬಿ ತೆರೆದು ಉಪ್ಪಿಟ್ಟು ತಿನ್ನುತ್ತಿದ್ದರು. ಅವರ ಉತ್ತರ ಅಲ್ಲೇ ಇತ್ತು.

"ನನಗೂ ಒಂಚೂರು ಹಾಕ್ರಿ," ಅಂದೆ. ಭಾನುವಾರ ಏಜೆಂಟನಿಗೆ ಬೇಡ ಅಂತ ಫೋನ್ ಮಾಡಿದ್ದು ಅವರೇ.

ಮುಂದಿನ ವಾರವೆಲ್ಲ ಬೈರಪ್ಪನವರ ಖಾಲಿ ರಸ್ತೆಯಲ್ಲಿ ಎಂಟು ಹಾಕಿದೆ. ಹಸುಗಳು ನನಗೆ ಹೊಂದಿಕೊಂಡವು, ದೂರದಿಂದ ನೋಡಿಯೇ ರಸ್ತೆ ಬಿಟ್ಟು ಸೈಟಿಗೆ ಇಳಿಯುತ್ತಿದ್ದವು. ಎರಡನೇ ಟೆಸ್ಟಿನಲ್ಲಿ ಇನ್‌ಸ್ಪೆಕ್ಟರ್ ನನ್ನ ಎಂಟು ನೋಡಿ, "ಸ್ವಲ್ಪ ಮೂರರ ತರ ಇದೆ, ಆದ್ರೂ ಪರವಾಗಿಲ್ಲ," ಅಂತ ಪಾಸು ಮಾಡಿದರು. ಬೀದಿಗೆ ಕಾಲಿಡುವಷ್ಟರಲ್ಲಿ ಎಳನೀರು ಕೆತ್ತಿ ಇಟ್ಟಿತ್ತು. ಈ ಸಲ ಯಾರೂ ಮಳೆಯ ಮಾತೆತ್ತಲಿಲ್ಲ.

ಜೂನ್‌ನಲ್ಲಿ ಹೊಸ ಕಟ್ಟಡಕ್ಕೆ ಮೊದಲ ದಿನ ಆಗಷ್ಟೇ ಕೊಂಡ ನನ್ನದೇ ಸ್ಕೂಟರಿನಲ್ಲಿ ಹೋದೆ. ಹೋಗುವುದು ತಡವಾಯಿತು. ದಾರಿಯಲ್ಲಿ ಪ್ರತಿಯೊಬ್ಬರಿಗೂ ಬ್ರೇಕ್ ಹಾಕಿ ತೋರಿಸಬೇಕಾಗಿ ಬಂದಿತ್ತು. ಪ್ರಿನ್ಸಿಪಾಲರು ಬೆಂಗಳೂರಿನ ಆ ತುದಿಯಿಂದ ಬರುವವರು. ಗಡಿಯಾರ ನೋಡಿ, "ಟ್ರಾಫಿಕ್ಕಾ ಮೇಡಂ?" ಅಂತ ಅನುಕಂಪದಿಂದ ಕೇಳಿದರು. ಹೌದು ಸರ್ ಅಂದೆ. ಬಿಡಿಸಿ ಹೇಳಲು ಹೋದರೆ ಎರಡನೇ ಪೀರಿಯಡ್ಡೂ ತಪ್ಪುತ್ತಿತ್ತು.

ಸಂಜೆ ಮನೆಗೆ ಬಂದಾಗ ನಂಜಮ್ಮ ಜಗಲಿಯಿಂದ ಇಳಿದು ರಸ್ತೆಯಲ್ಲೇ ನಿಂತಿದ್ದರು. ಹೊಸ ಸೀರೆ ಉಟ್ಟಿದ್ದರು. ತಲೆ ಬಾಚಿ ಗೌರಮ್ಮನ ಹೂ ಮುಡಿದಿದ್ದರು. ಯಾರದೋ ಮದುವೆ ಇರಬೇಕು ಅಂದುಕೊಂಡೆ.

"ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ. ಒಂದು ಸುತ್ತು ಕರ್ಕಂಡೋಗು," ಅಂದರು. "ಮಕ್ಕಳು ಮೂರು ಕಾರು ಮಡಗವ್ರೆ. ಗಾಜು ಏರಿಸ್ಕಂಡು ಕೂತ್ರೆ ಒಬ್ರೂ ಮಾತಾಡ್ಸಾಕಿಲ್ಲ."

ನನ್ನ ಹಿಂದೆ ಅಲ್ಲಿಯ ತನಕ ಯಾರೂ ಕೂತಿರಲಿಲ್ಲ. ನಂಜಮ್ಮ ಸಣ್ಣ ಆಳೂ ಅಲ್ಲ. ಬೇಡ ಅನ್ನುವ ಮೊದಲೇ ಅವರು ನನ್ನ ಹೆಗಲು ಹಿಡಿದು, ಪಕ್ಕಕ್ಕೆ ತಿರುಗಿ ಕೂತಾಗಿತ್ತು. ಸ್ಕೂಟರು ಒಮ್ಮೆ ನಿಟ್ಟುಸಿರು ಬಿಟ್ಟಿತು. ನಾನು ಉಸಿರು ಬಿಗಿಹಿಡಿದು ಹೊರಟೆ. ಹೇಗಾದರೂ ಬೇಗ ಒಂದು ಸುತ್ತು ಮುಗಿಸಿ ಇವರನ್ನು ಕ್ಷೇಮವಾಗಿ ಇಳಿಸಿದರೆ ಸಾಕು ಅಂತ ಹ್ಯಾಂಡಲ್ ತಿರುಚಿದೆ.

ಬೆನ್ನಿಗೆ ಮೆಲ್ಲಗೆ ಒಂದು ಏಟು ಬಿತ್ತು.

"ನಿದಾನಕ್ಕೋಗವ್ವ," ಅಂದರು ನಂಜಮ್ಮ. "ಎಲ್ರೂ ನೋಡ್ಲಿ."

ನಾನು ವೇಗ ಇಳಿಸಿದೆ.